ರಿಜಿಸ್ಟರಿಗೆ ಸೇರದ ತಾಳೆಗರಿ

ಕೀಳಪೂಂಡಿ ಕ್ಯಾಂಪ್
17 ಸೆಪ್ಟೆಂಬರ್ 1956

ಅಕ್ಕನಿಗೆ ಮಧ್ವರಾಜನ ನಮಸ್ಕಾರ.

ಈ ಪತ್ರವನ್ನು ಅಂಚೆಗೆ ಹಾಕದೆ ನಿಮ್ಮ ಅಡುಗೆಯ ಕಾಂತಪ್ಪನ ಕೈಯಲ್ಲೇ ಕೊಟ್ಟಿದ್ದೇನೆ. ನಿಮ್ಮ ಮೆಸ್ಸಿಗೆ ಹುಣಸೆಹಣ್ಣು ಕೊಳ್ಳಲು ಮಧುರಾಂತಕಕ್ಕೆ ಬಂದವನು ನನ್ನನ್ನು ನೋಡಲು ಇಲ್ಲಿಯವರೆಗೂ ಬಂದದ್ದು ನನ್ನ ಪುಣ್ಯ. ಅವನ ಬುಟ್ಟಿಯ ತಳದಲ್ಲಿ ನನ್ನ ಪಂಚೆಯಲ್ಲಿ ಸುತ್ತಿದ ಒಂದು ಗಂಟಿದೆ. ಅದನ್ನು ಬಿಚ್ಚದೆ ನಿನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕು. ಭಾವನಿಗೂ ಹೇಳಬೇಡ.

ಏನೆಂದು ನಿನಗಾದರೂ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಪಾಲಾರ್ ನದಿಯ ದಂಡೆಯಲ್ಲಿ ಪುರಾತತ್ವ ಇಲಾಖೆಯಿಂದ ನಾವು ಅಗೆಯುತ್ತಿರುವ ಹಾಳು ಮಠದ ಗೋಡೆಯೊಳಗೆ ಇಟ್ಟಿಗೆಯಿಂದ ಮುಚ್ಚಿದ ಒಂದು ಗೂಡು ಸಿಕ್ಕಿತು. ಒಳಗೆ ಬಾಯಿಗೆ ಮೇಣ ಮೆತ್ತಿದ ಹಿತ್ತಾಳೆಯ ಕೊಡ. ಕೊಡದೊಳಗೆ ತಾಳೆಗರಿಯ ಕಟ್ಟು, ನೂರಾ ಹನ್ನೆರಡು ಗರಿ, ಒಂದಕ್ಕೂ ಹುಳು ಹಿಡಿದಿಲ್ಲ. ತಮಿಳು ಸೀಮೆಯ ನಡುವೆ ನಮ್ಮ ತುಳು ಲಿಪಿ. ಅಪ್ಪಯ್ಯನ ಪೂಜೆಯ ಪುಸ್ತಕಗಳ ಅದೇ ಅಕ್ಷರ. ಯಾವುದೋ ದೊಡ್ಡ ಸ್ತೋತ್ರದಂತಿದೆ, ಇದುವರೆಗೆ ಎಲ್ಲೂ ಅಚ್ಚಾದದ್ದಲ್ಲ ಎಂದು ನನಗೆ ನೂರಕ್ಕೆ ನೂರು ಖಾತ್ರಿ.

ನಮ್ಮ ಸೂಪರಿಂಟೆಂಡೆಂಟರಿಗೆ ಹೇಳಿಯಾಗಿದೆ, ನೀನು ಚಿಂತೆ ಮಾಡಬೇಡ. ಕ್ಯಾಂಪಿನ ಡೇರೆ ಸೋರುತ್ತದೆ, ಅದಕ್ಕಾಗಿ ಮದ್ರಾಸಿಗೆ ಕಳಿಸುತ್ತಿದ್ದೇನೆ ಅಷ್ಟೆ.

ನಿನ್ನ ತಮ್ಮ,
ಮಧ್ವರಾಜ


ತ್ರಿಪ್ಲಿಕೇನ್, ಮದ್ರಾಸು
22 ಸೆಪ್ಟೆಂಬರ್ 1956

ಚಿರಂಜೀವಿ ಮಧ್ವನಿಗೆ ಅಕ್ಕ ಅಮ್ಮಣ್ಣಿಯ ಆಶೀರ್ವಾದ.

ಗಂಟು ಬಂತು. ಪಂಚೆಗೆ ಹುಣಸೆ ಮೆತ್ತಿದೆ, ಒಗೆದರೂ ಕಲೆ ಹೋಗಲಿಲ್ಲ. ಕಾಂತಪ್ಪ ದಾರಿಯುದ್ದಕ್ಕೂ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದನಂತೆ. "ಎಂತ ಅಮ್ಮ, ಮಧ್ವಣ್ಣ ಚಿನ್ನ ಗಿನ್ನ ಕಳಿಸಿದ್ದಾರಾ ಹೇಗೆ?" ಎಂದು ಕೇಳಿದ. ಹಳೇ ಬಟ್ಟೆ ಎಂದೆ. ನಂಬಿದಂತೆ ಕಾಣಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡ. ಸರ್ಕಾರದ ವಸ್ತು ಹುಣಸೆ ಬುಟ್ಟಿಯಲ್ಲಿ ಬರುವುದು ಯಾವಾಗಿನಿಂದ ಶುರುವಾಯಿತು? ನಿಮ್ಮಲ್ಲಿ ಜೀಪಿಲ್ಲವೇ? ಡೇರೆ ಸೋರಿದರೆ ನಿಮ್ಮ ಆಫೀಸಿನಲ್ಲಿ ಕಪಾಟಿಲ್ಲವೇ? ನಾನು ಓದಿದವಳಲ್ಲ, ನನಗೆ ತಿಳಿಯದ ಕ್ರಮ ಇರಬಹುದು.

ಉಷಾ ಈ ವರ್ಷ ಗೊಲು ಕೂರಿಸಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಗೆಳತಿಯರ ಮನೆಯಲ್ಲೆಲ್ಲ ಇದೆಯಂತೆ. ನಾನು ಕನ್ನಡದಲ್ಲಿ ಬೈದರೆ ನನ್ನ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಗೊಂಬೆ ಬೇಡ, ನಮ್ಮ ಕ್ರಮದಂತೆ ಪುಸ್ತಕ ಪೂಜೆಗಿಟ್ಟರೆ ಸಾಕೆಂದು ಹೇಳಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮಣ್ಣಿ


ಕೀಳಪೂಂಡಿ ಕ್ಯಾಂಪ್
29 ಸೆಪ್ಟೆಂಬರ್ 1956

ಅಕ್ಕನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ವಿಷ್ಣುತೀರ್ಥ ಎಂಬ ಮುದುಕ ಕ್ಯಾಂಪಿಗೆ ಬಂದಿದ್ದ. ಹೆಸರು ಸ್ವಾಮಿಗಳದ್ದು, ಆದರೆ ಸಂಸಾರಿ. ಈ ಮಠ ತನ್ನ ಹಿರಿಯರದ್ದಂತೆ, ಇಲ್ಲಿ ಸಿಕ್ಕಿದ ಓಲೆಗರಿಯನ್ನು ತಾನೊಮ್ಮೆ ನೋಡಬೇಕಂತೆ. ಅಗೆಯುವ ಆಳುಗಳಲ್ಲಿ ಯಾರೋ ಬಾಯಿ ಬಿಟ್ಟಿದ್ದಾರೆ. ಏನೂ ಸಿಕ್ಕಿಲ್ಲ ಎಂದು ಹೇಳಿ ಕಳಿಸಿದೆ.

ಹಳೆಯ ವಸ್ತುಗಳನ್ನು ವಿದೇಶದವರಿಗೆ ಮಾರುವ ದಲ್ಲಾಳಿಗಳು ಹೀಗೆ ಜುಟ್ಟು, ನಾಮದ ಮುದುಕರನ್ನೇ ಮುಂದೆ ಬಿಡುತ್ತಾರೆ. ಅವನು ಕಾಂತಪ್ಪ ಬಂದು ಹೋದದ್ದನ್ನೂ ವಿಚಾರಿಸಿಕೊಂಡು ಹೋದನಂತೆ. ಅಲ್ಲಿಗೆ ಬಂದರೆ ಹೊಸ್ತಿಲು ದಾಟಲು ಬಿಡಬೇಡ. ಒಂದು ಲೋಟ ನೀರನ್ನೂ ಕೊಡಬೇಡ.

ಮಧ್ವರಾಜ


ತ್ರಿಪ್ಲಿಕೇನ್
3 ಅಕ್ಟೋಬರ್ 1956

ಚಿರಂಜೀವಿ ಮಧ್ವನಿಗೆ ಆಶೀರ್ವಾದ.

ನಿನ್ನ ಪತ್ರ ಬಂದದ್ದು ಸೋಮವಾರ. ಆ ಮುದುಕರು ಬಂದದ್ದು ಅದಕ್ಕೂ ಮೊದಲೇ, ಶುಕ್ರವಾರ. ಅವತ್ತು ನಮ್ಮ ಮಾವನವರ ಪಕ್ಷದ ಶ್ರಾದ್ಧ. ಹೇಳಿಟ್ಟಿದ್ದ ಬ್ರಾಹ್ಮಣರಲ್ಲಿ ಒಬ್ಬರಿಗೆ ಜ್ವರ, ಎಲೆ ಹಾಕಿಯಾಗಿದೆ, ಜನ ಇಲ್ಲ. ನಿನ್ನ ಭಾವ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಾಗ ಇವರು ಬಂದು, "ಕೀಳಪೂಂಡಿಯಿಂದ ಬಂದೆ, ಮಧ್ವರಾಯರ ಅಕ್ಕನ ಮನೆ ಇದೇಯೋ?" ಎಂದರಂತೆ. ಭಾವ ಅವರ ಕೈಹಿಡಿದು ಸೀದಾ ಸ್ನಾನಕ್ಕೆ ಕಳಿಸಿದರು. ನೀನು ನೀರೂ ಕೊಡಬೇಡ ಎಂದು ಬರೆದ ಮನುಷ್ಯ ನಮ್ಮ ಮಾವನವರ ಹೆಸರಿನಲ್ಲಿ ಉಂಡು ಕೈ ತೊಳೆದಾಗಿತ್ತು. ಪಿತೃಸ್ಥಾನದಲ್ಲಿ ಕೂತವರನ್ನು ಇನ್ನು ಹೊರಗೆ ಹಾಕುವುದು ಹೇಗೆ, ನೀನೇ ಹೇಳು. ಈಗ ಮೇಲಿನ ಕೋಣೆಯಲ್ಲಿದ್ದಾರೆ. ಏಕಾದಶಿಯೊಂದು ಬಿಟ್ಟು ಎರಡು ಹೊತ್ತೂ ಇಲ್ಲೇ ಊಟ.

ಅವರ ಕನ್ನಡದಲ್ಲಿ ಮುಕ್ಕಾಲು ಪಾಲು ತಮಿಳು. ಹಿರಿಯರು ನಮ್ಮ ಕಡೆಯಿಂದ ಯಾವುದೋ ಕಾಲದಲ್ಲಿ ಹೋದವರು. ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ ಒಂದು ಸ್ತೋತ್ರ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ ಒಂದು ಕಡೆ ನಿಂತು ಕೈಮುಗಿದು ಎದ್ದುಬಿಡುತ್ತಾರೆ. ಮುಗಿದ ಹಾಗೆ ಕೇಳಿಸುವುದಿಲ್ಲ. ವಿಚಾರಿಸಿದೆ. "ನಮ್ಮ ತಾತನವರಿಗೆ ಪೂರ್ತಿ ಬರ್ತಿತ್ತಮ್ಮಾ. ಅಪ್ಪಾವಿಗೆ ಪಾದಿ ಕಲಿಸೋ ಹೊತ್ತಿಗೆ ತೀರಿಹೋದ್ರು. ಆಮೇಲೆ ಹೊಳೇಲಿ ವೆಳ್ಳಂ ಬಂದು ಮಠ ಬಿದ್ದುಹೋಯ್ತು. ನಾವು ಅಷ್ಟನ್ನೇ ಹೇಳ್ಕೊಂಡು ಬಂದಿದೀವಿ" ಎಂದರು. ಅಪ್ಪ, ಮಗ ಸೇರಿ ಎಪ್ಪತ್ತು ವರ್ಷದಿಂದ ಅರ್ಧವೇ ಹೇಳಿ ಕೈಮುಗಿಯುತ್ತಿದ್ದಾರೆ ಮಧ್ವ. ನನಗೆ ಕೇಳಿ ಸಂಕಟವಾಯಿತು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಟ್ರಂಕು ತೆಗೆದೆ. ಅಪ್ಪಯ್ಯ ಹೂ ಕಟ್ಟುತ್ತಾ ಪೂಜೆಯ ಪುಸ್ತಕಗಳನ್ನು ನನ್ನ ಕೈಯಲ್ಲೇ ಓದಿಸುತ್ತಿದ್ದರೆಂಬುದು ನಿನಗೆ ಗೊತ್ತಿಲ್ಲ, ನೀನಾಗ ಹುಟ್ಟಿರಲಿಲ್ಲ. ಮೊದಲ ಗರಿಯಲ್ಲಿ ಇರುವುದು ಅವರು ಹೇಳುವ ಮೊದಲ ಶ್ಲೋಕವೇ. ಅವರು ದಲ್ಲಾಳಿಯೂ ಅಲ್ಲ, ಮಣ್ಣೂ ಅಲ್ಲ. ಆದರೂ ನೀನು ಹೇಳಿದೆಯೆಂದು, ಇಲ್ಲಿ ಅಂಥದ್ದೇನೂ ಇಲ್ಲ ಎಂದು ಅವರ ಮುಖ ನೋಡಿ ಸುಳ್ಳು ಹೇಳಿದೆ.

ಇನ್ನೊಂದು, ಅವರೇ ಹೇಳಿದ್ದು. ಕ್ಯಾಂಪಿನಲ್ಲಿ ಒಡೆದ ಮಡಕೆಯ ಬೋಕಿಗೂ ಚೀಟಿ ಅಂಟಿಸಿ ಸಂಜೆಯೊಳಗೆ ರಿಜಿಸ್ಟರಿನಲ್ಲಿ ಬರೆಯುತ್ತಾರಂತೆ, ಈ ಕಟ್ಟನ್ನು ಮಾತ್ರ ಬರೆಯಲಿಲ್ಲ ಎಂದು ಆಳುಗಳು ಮಾತಾಡಿಕೊಳ್ಳುತ್ತಾರಂತೆ. ನಿಜ ಹೇಳು. ನಿನ್ನ ಸೂಪರಿಂಟೆಂಡೆಂಟರಿಗೆ ಗೊತ್ತುಂಟೋ ಇಲ್ಲವೋ?

ಅಮ್ಮಣ್ಣಿ


ಕೀಳಪೂಂಡಿ
6 ಅಕ್ಟೋಬರ್ 1956

ಅಕ್ಕಾ,

ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ರಿಜಿಸ್ಟರಿನಲ್ಲಿ ಬರೆದಿಲ್ಲ.

ಮೂರು ವರ್ಷದ ಹಿಂದೆ ನಾನು ಬಿಸಿಲಲ್ಲಿ ಕೂತು ಓದಿದ ಶಾಸನವನ್ನು ಮೇಲಿನವರೊಬ್ಬರು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರು. ನಾನು ಆ ಲೇಖನದಲ್ಲಿ "ಒಬ್ಬ ಸಹಾಯಕ" ಆದೆ. ಈ ಸಲ ನಾನೇ ಓದಿ, ನಾನೇ ಬರೆದು, ಅಚ್ಚಾದ ಮೇಲೆ ಇಲಾಖೆಗೆ ಒಪ್ಪಿಸೋಣ ಎಂದುಕೊಂಡೆ. ಕದಿಯುವ ಯೋಚನೆ ಇರಲಿಲ್ಲ. ಈಗ ಹಾಗೆ ಹೇಳಿದರೆ ಯಾರು ನಂಬುತ್ತಾರೆ?

ನಿನ್ನ ಆ ಮುದುಕರು ಇಲ್ಲಿಂದ ಹೊರಡುವ ಮೊದಲೇ ಇಲಾಖೆಗೆ ಅರ್ಜಿ ಹಾಕಿದ್ದರು. ಓಲೆಗರಿ ಸಿಕ್ಕಿದ್ದು ನಿಜವೇ ಎಂದು ಸೂಪರಿಂಟೆಂಡೆಂಟರು ಕೇಳಿ ಬರೆದರು. ನಿನ್ನೆ ನಾನು "ಇಲ್ಲ" ಎಂದು ಸಹಿ ಹಾಕಿ ಕಳಿಸಿದೆ. ಹದಿನೈದಕ್ಕೆ ಅವರೇ ಇಲ್ಲಿಗೆ ಬರುತ್ತಾರೆ. ಕಟ್ಟು ನಿನ್ನ ಟ್ರಂಕಿನಲ್ಲಿ ಸಿಕ್ಕಿದರೆ ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ನಿನ್ನನ್ನೂ ಭಾವನನ್ನೂ ಎಳೆಯುತ್ತಾರೆ.

ಆದ್ದರಿಂದ ಹೇಳುತ್ತೇನೆ, ಬೇರೆ ದಾರಿ ಇಲ್ಲ. ಹಳೆಯ ಓಲೆಗರಿಯನ್ನು ನೀರಿಗೆ ಬಿಡುವುದು ನಮ್ಮಲ್ಲೂ ತಮಿಳರಲ್ಲೂ ಇರುವ ಪದ್ಧತಿಯೇ. ನೀನು ಬೆಳಿಗ್ಗೆ ಮರೀನಾಕ್ಕೆ ಹೋಗಿ ಕಡಲಿಗೆ ಬಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಹರಳೆಣ್ಣೆ ಕುಡಿದವನಂತೆ ಇದನ್ನು ಬರೆಯುತ್ತಿದ್ದೇನೆ. ಈ ಪತ್ರವನ್ನು ಒಲೆಗೆ ಹಾಕು.

ಮಧ್ವ


ತ್ರಿಪ್ಲಿಕೇನ್
8 ಅಕ್ಟೋಬರ್ 1956

ಮಧ್ವನಿಗೆ,

ನಿನ್ನ ಪತ್ರ ಸಿಕ್ಕಿತು. ಇವತ್ತು ಬೆಳಿಗ್ಗೆ ಗಂಟನ್ನು ಎತ್ತಿಕೊಂಡು ಕಡಲಿಗೆ ಹೋಗಿ ಬಂದೆ. ಇನ್ನು ನೀನು ಯಾರಿಗೂ ಹೆದರಬೇಕಾಗಿಲ್ಲ. ನನ್ನನ್ನು ಈ ವಿಷಯದಲ್ಲಿ ಏನೂ ಕೇಳಬೇಡ.

ಅಮ್ಮಣ್ಣಿ


ಕೀಳಪೂಂಡಿ
10 ಅಕ್ಟೋಬರ್ 1956

ಅಕ್ಕಾ,

ನಿನ್ನೆ ಸಂಜೆ ನಿನ್ನ ಪತ್ರ ಬಂತು. ಓದಿದ ಕೂಡಲೇ ಉಸಿರು ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಎದ್ದು ಮುಖ ತೊಳೆದು ಚಹಾ ಕುಡಿದೆ. ಇನ್ನು ಯಾರೂ ಏನೂ ಮಾಡಲಾರರು ಎಂದುಕೊಂಡೆ.

ಆಮೇಲೆ ರಿಜಿಸ್ಟರು ಬರೆಯಲು ಕೂತೆ. ನಿನ್ನೆ ಸಿಕ್ಕಿದ್ದು ಒಂದು ದೀಪದ ಬಾಯಿಯ ಚೂರು, ಬೆರಳಿನ ಉಗುರಿನಷ್ಟು. ಅಳತೆ ತೆಗೆದೆ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದೆ, ಚೀಟಿ ಅಂಟಿಸಿದೆ. ನೂರಾ ಹನ್ನೆರಡು ಗರಿಯನ್ನು ಕಡಲಿಗೆ ಹಾಕಿಸಿದ ಕೈಯಲ್ಲಿ ಬೋಕಿ ಚೂರನ್ನು ಹತ್ತಿಯಲ್ಲಿ ಸುತ್ತುತ್ತಿದ್ದೆ. ನನಗೆ ನಾಚಿಕೆಯಾಯಿತು. ಅರ್ಧ ಹೇಳಿ ಕೈಮುಗಿಯುವ ಆ ಮುದುಕರ ನೆನಪಾಗಿ ಅತ್ತೆ. ಇನ್ನು ಅವರು ಸಾಯುವವರೆಗೂ ಅರ್ಧವೇ. ಅದಕ್ಕೆ ಕಾರಣ ಪ್ರವಾಹವಲ್ಲ, ನಾನು.

ಇವತ್ತು ಬೆಳಿಗ್ಗೆ ಸೂಪರಿಂಟೆಂಡೆಂಟರಿಗೆ ಎಲ್ಲ ಬರೆದು ಕಳಿಸಿದೆ. ಸಿಕ್ಕಿದ ದಿನ, ಮುಚ್ಚಿಟ್ಟದ್ದು, ಸುಳ್ಳಿಗೆ ಸಹಿ ಹಾಕಿದ್ದು, ಅಕ್ಕನಿಗೆ ಹೇಳಿ ಕಡಲಿಗೆ ಹಾಕಿಸಿದ್ದು. ನಿನ್ನ ತಪ್ಪಿಲ್ಲ, ನನ್ನ ಮಾತಿನಂತೆ ನೀನು ನಡೆದೆ ಎಂದೂ ಬರೆದಿದ್ದೇನೆ. ರಿಜಿಸ್ಟರಿನಲ್ಲಿ ಇವತ್ತಿನ ತಾರೀಖು ಹಾಕಿ ಕಟ್ಟಿನ ವಿವರ ತುಂಬಿಸಿದೆ. ಅಪ್ಪಣೆಯಿಲ್ಲದೆ ಕ್ಯಾಂಪು ಬಿಡುವುದಿಲ್ಲ, ಏನಾಗುತ್ತದೋ ಆಗಲಿ.

ವಿಷ್ಣುತೀರ್ಥರಿಗೆ ನೀನೇ ಹೇಳಿಬಿಡು. ನನಗೆ ಧೈರ್ಯವಿಲ್ಲ.

ಮಧ್ವ


ತ್ರಿಪ್ಲಿಕೇನ್
13 ಅಕ್ಟೋಬರ್ 1956

ಚಿರಂಜೀವಿ ಮಧ್ವನಿಗೆ ಅಕ್ಕನ ಅನೇಕ ಆಶೀರ್ವಾದ.

ತಂತಿ ಕೊಟ್ಟಿದ್ದೆನಲ್ಲ, ಸಿಕ್ಕಿರಬೇಕು. ಪೋಸ್ಟಾಫೀಸಿನವರು ಎಷ್ಟು ಶಬ್ದ ಎಂದು ಕೇಳಿದರು. "ಗಂಟು ಮನೆಯಲ್ಲಿದೆ" ಎಂಬುದಕ್ಕಿಂತ ಹೆಚ್ಚು ನನಗೆ ಹೊಳೆಯಲಿಲ್ಲ. ಈಗ ಸಾವಕಾಶವಾಗಿ ಬರೆಯುತ್ತೇನೆ, ನೀನೂ ಕೂತು ಓದು.

ಕಡಲಿಗೆ ಹೋದದ್ದು ನಿಜ. ಸೆರಗಿನೊಳಗೆ ಗಂಟು ಹಿಡಿದು ಮೊಣಕಾಲು ಮುಳುಗುವವರೆಗೂ ಇಳಿದೆ. ಮೀನು ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನನ್ನು ನೋಡಿ ನಿಂತು, "ಯಾರ್ ಅಸ್ತಿಮ್ಮಾ ಅದು?" ಎಂದು ಮೆತ್ತಗೆ ಕೇಳಿದಳು. ಯಾರ ಅಸ್ಥಿಯೂ ಅಲ್ಲ ಎಂದೆ. ಹೇಳಿದ ಮೇಲೆ ಕೈ ಬಿಡಲು ಬರಲೇ ಇಲ್ಲ. ಸೀರೆ ಹಿಂಡಿಕೊಂಡು ತಿರುಗಿ ಬಂದುಬಿಟ್ಟೆ.

ಗುರುವಾರ ಮೂಲಾ ನಕ್ಷತ್ರ. ಪುಸ್ತಕಗಳನ್ನೆಲ್ಲ ಪೂಜೆಗಿಡುವ ದಿನ. ಉಷಾಳ ಶಾಲೆಯ ಪುಸ್ತಕ, ಭಾವನ ಪಂಚಾಂಗ, ಅವುಗಳ ಮೇಲೆ ನಿನ್ನ ಕಟ್ಟನ್ನು ಬಿಚ್ಚಿ ಇಟ್ಟೆ. ರೇಷ್ಮೆ ಹೊದಿಸಿ ಹೂ ಏರಿಸಿದೆ. ವಿಷ್ಣುತೀರ್ಥರು ಬಂದು ನೋಡಿದರು. ನಾನು ಸುಳ್ಳು ಹೇಳಿದ್ದೆ ಎಂದೆ. "ಗೊತ್ತಮ್ಮಾ, ನೀವು ಬಡಿಸುವಾಗ ಮುಖ ನೋಡ್ತಾ ಇರಲಿಲ್ಲ" ಎಂದರು. ಮುಟ್ಟಲೂ ಇಲ್ಲ. ವಿಜಯದಶಮಿಯವರೆಗೆ ಪೂಜೆಗಿಟ್ಟ ಪುಸ್ತಕವನ್ನು ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲವಲ್ಲ. ಅಪ್ಪನ ಕಾಲದಿಂದ ಕಾದವರು ಅದರೆದುರು ಗೋಡೆಗೆ ಒರಗಿ ಕೂತರು. ಅವತ್ತು ಮಧ್ಯಾಹ್ನವೇ ನಿನ್ನ ಪತ್ರ ಬಂತು.

ನಿನ್ನೆ ನಿಮ್ಮ ಆಫೀಸಿನಿಂದ ಇಬ್ಬರು ಬಂದರು. ಒಬ್ಬರು ತಿರುಮಲ ಎಂದು, ವಯಸ್ಸಾದವರು. ನಿನ್ನ ಪತ್ರ ಅವರ ಕೈಯಲ್ಲಿತ್ತು. "ಕಡಲ್ಲೆ ಪೋಟ್ಟುಟ್ಟೀಂಗಳಾ ಅಮ್ಮಾ?" ಎಂದು ಅಳುವ ದನಿಯಲ್ಲಿ ಕೇಳಿದರು. ಇಲ್ಲ, ಇಗೋ ಎಂದು ತೋರಿಸಿದೆ. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು. ಬೇಕಾದರೆ ತೆಗೆದುಕೊಂಡು ಹೋಗಿ, ಸರ್ಕಾರದ್ದು, ನಾನು ತಡೆಯುವುದಿಲ್ಲ ಎಂದೆ. ಚಿಕ್ಕವರು ದೊಡ್ಡವರ ಮುಖ ನೋಡಿದರು. ದೊಡ್ಡವರು ಕಟ್ಟಿನ ಮುಖ ನೋಡಿದರು. ಆಮೇಲೆ ತಿರುಮಲ ಅವರು ಅಲ್ಲೇ ಸಾಷ್ಟಾಂಗ ಹಾಕಿ ಎದ್ದು, "ನಾನ್ ತೊಡಮಾಟ್ಟೇನ್, ಮುಟ್ಟಲ್ಲಮ್ಮಾ. ಯಾರಾದ್ರೂ ಇದನ್ನ ಈಗ ತೆಗೀತಾರಾ?" ಎಂದರು. ವಸ್ತು ಕಣ್ಣಾರೆ ನೋಡಿದೆವು, ದಶಮಿಯ ಪೂಜೆಯಾದ ಮೇಲೆ ವಶಕ್ಕೆ ಪಡೆಯುವುದು ಎಂದು ಕಾಗದದಲ್ಲಿ ಬರೆದು, ಭಾವನ ಸಹಿ ಪಡೆದು, ಎರಡೆರಡು ಸಲ ಕಡಲೆ ಉಸ್ಲಿ ಹಾಕಿಸಿಕೊಂಡು ತಿಂದು ಹೋದರು. ಸಾಹೇಬರು ಬರುವವರೆಗೆ ನೀನು ಕ್ಯಾಂಪಿನಲ್ಲೇ ಇರಬೇಕಂತೆ. ಇರು.

ಅಮ್ಮಣ್ಣಿ


ಕೀಳಪೂಂಡಿ
19 ಅಕ್ಟೋಬರ್ 1956

ಅಕ್ಕನಿಗೆ ನಿನ್ನ ತಮ್ಮನ ಸಾಷ್ಟಾಂಗ ನಮಸ್ಕಾರ.

ತಂತಿ ಬಂದಾಗ ನಾನು ಅಗೆತದ ಗುಂಡಿಯೊಳಗಿದ್ದೆ. ಅದನ್ನು ಓದಿ ಅಲ್ಲೇ ಕೂತವನನ್ನು ಆಳುಗಳು ಎಬ್ಬಿಸಿದರು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡರಂತೆ.

ಸೋಮವಾರ ಸೂಪರಿಂಟೆಂಡೆಂಟರು ಬಂದರು. ನನ್ನ ಎರಡು ಪತ್ರಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು, "ಇಲ್ಲ" ಎಂದದ್ದು ಮತ್ತು ಎಲ್ಲ ಒಪ್ಪಿಕೊಂಡದ್ದು. "ಕಟ್ಟು ಕಡಲು ಸೇರಿತು ಎಂದು ನಂಬಿದ ಮೇಲೂ ಇದನ್ನು ಬರೆದೆಯಾ?" ಎಂದು ಕೇಳಿದರು. ಹೌದೆಂದೆ. "ಬರೆಯದೆ ಇದ್ದಿದ್ದರೆ ನನಗೆ ತಿಳಿಯುತ್ತಿರಲಿಲ್ಲ" ಎಂದರು. ಅದಕ್ಕೂ ಹೌದೆಂದೆ. ಅಷ್ಟೆ ವಿಚಾರಣೆ.

ಕೆಲಸ ಉಳಿಯಿತು ಅಕ್ಕಾ. ಎರಡು ವರ್ಷ ಬಡ್ತಿ ಇಲ್ಲ. ಮುಂದಿನ ತಿಂಗಳಿಂದ ಮದ್ರಾಸಿನ ಉಗ್ರಾಣದಲ್ಲಿ ಚೀಟಿ ಅಂಟಿಸುವ ಕೆಲಸ. ಕಟ್ಟನ್ನು ಇಲಾಖೆಯೇ ಅಚ್ಚು ಹಾಕಿಸುತ್ತದೆ, ಅದರಲ್ಲಿ ನನ್ನ ಹೆಸರು ಎಲ್ಲೂ ಇರುವುದಿಲ್ಲ. ಪಾಠ ಸರಿಯಾಗಿದೆಯೇ ಎಂದು ನೋಡಲು ವಿಷ್ಣುತೀರ್ಥರನ್ನು ಕರೆಸುತ್ತಾರಂತೆ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಬೇಕು, ನಾನು ಬರೆಯುತ್ತೇನೆ ಎಂದೆ. ನೋಡೋಣ ಎಂದಿದ್ದಾರೆ. ನಿನ್ನೆ ಮಧ್ಯಾಹ್ನ ಮೂರು ಸಲ ಸಾರು ಹಾಕಿಸಿಕೊಂಡು ಉಂಡೆ.

ಒಂದು ಕೇಳಬೇಕು. ಕಡಲಿಗೆ ಹೋಗಿ ಬಂದೆ ಎಂದಷ್ಟೇ ಬರೆದು, ಗಂಟನ್ನು ತಿರುಗಿ ತಂದದ್ದನ್ನು ಬರೆಯದೆ ಬಿಟ್ಟೆಯಲ್ಲ. ಮರೆತೆಯಾ, ಬೇಕೆಂದೇ ಬಿಟ್ಟೆಯಾ?

ಮಧ್ವರಾಜ


ತ್ರಿಪ್ಲಿಕೇನ್
23 ಅಕ್ಟೋಬರ್ 1956

ಚಿರಂಜೀವಿ ಮಧ್ವನಿಗೆ ಆಶೀರ್ವಾದ.

ಮೊದಲು ಒಳ್ಳೆಯ ಸುದ್ದಿ. ದಶಮಿಯ ದಿನ ಪೂಜೆಯಾದ ಮೇಲೆ ಎಲ್ಲರೂ ಒಂದೊಂದು ಸಾಲು ಓದುವ ಕ್ರಮವಿದೆಯಲ್ಲ, ಉಷಾ ತನ್ನ ತಮಿಳು ಪುಸ್ತಕ ಓದಿದಳು, ಭಾವ ಪಂಚಾಂಗ ಓದಿದರು. ವಿಷ್ಣುತೀರ್ಥರು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಅವರಿಗೆ ಆ ಲಿಪಿ ಬರುವುದಿಲ್ಲವೆಂದು ಆಗ ತಿಳಿಯಿತು. ನಾನು ಪಕ್ಕದಲ್ಲಿ ಕೂತು ಎಡವುತ್ತಾ ಓದಿದೆ, ಅವರು ಹಿಂದಿನಿಂದ ಹೇಳಿದರು. ಪ್ರತಿದಿನ ಕೈಮುಗಿಯುವ ಜಾಗ ಬಂದಾಗ ಅಭ್ಯಾಸಬಲದಿಂದ ಅವರ ಕೈಗಳು ಒಂದಕ್ಕೊಂದು ಕೂಡಿಕೊಂಡವು. ನಾನು ನಿಲ್ಲಿಸದೆ ಮುಂದಿನ ಸಾಲು ಓದಿದೆ. ತಿರುಮಲ ಅವರು ಹತ್ತಕ್ಕೆ ಬಂದವರು ಎರಡು ಗಂಟೆಯವರೆಗೂ ಬಾಗಿಲ ಬಳಿ ಕಾದರು. ಪೂರ್ತಿ ಮುಗಿದ ಮೇಲೆ ಮುದುಕರೇ ತಮ್ಮ ಕೈಯಾರೆ ಕಟ್ಟನ್ನು ಅವರಿಗೆ ಕೊಟ್ಟರು.

ಇನ್ನು ನೀನು ಕೇಳಿದ್ದು. ಬೇಕೆಂದೇ ಬರೆಯಲಿಲ್ಲ.

ನಿನ್ನನ್ನು ಸಾಕಿದವಳು ನಾನು. ಕಡಲಿಗೆ ಹಾಕು ಎಂದು ನೀನು ಬರೆದದ್ದನ್ನು ಓದಿ, ಇಷ್ಟು ವರ್ಷ ಅನ್ನ ಹಾಕಿ ಬೆಳೆಸಿದ್ದು ಯಾರನ್ನು ಎಂದು ನನಗೇ ತಿಳಿಯದೆ ಹೋಯಿತು. ಸಿಕ್ಕಿಬೀಳುವ ಭಯ ಪೂರ್ತಿ ಹೋದ ಮೇಲೆ ನೀನು ಏನು ಬರೆಯುತ್ತೀಯೆಂದು ನೋಡಬೇಕಾಗಿತ್ತು. ಸದ್ಯ ಬದುಕಿದೆ ಎಂದು ಬರೆದಿದ್ದರೆ, ದಶಮಿಯ ದಿನ ಕಟ್ಟನ್ನು ವಿಷ್ಣುತೀರ್ಥರಿಗೆ ಕೊಟ್ಟು ಬಸ್ಸು ಹತ್ತಿಸುತ್ತಿದ್ದೆ. ನಿನಗೆ ಎಂದೆಂದೂ ಹೇಳುತ್ತಿರಲಿಲ್ಲ. ನೀನು ಹಬ್ಬಕ್ಕೆ ಬಂದರೆ ಬಡಿಸುತ್ತಿದ್ದೆ, ಅಷ್ಟೆ.

ಮೂರು ದಿನ ಅಂಚೆಯವನ ದಾರಿ ಕಾದೆ. ಗುರುವಾರ ಪತ್ರ ಬಂದಾಗ ಒಡೆಯಲು ಧೈರ್ಯ ಬರಲಿಲ್ಲ, ಉಷಾಳ ಕೈಗೆ ಕೊಟ್ಟೆ. ಅವಳಿಗೆ ಕನ್ನಡದ ಅಕ್ಷರ ಅಷ್ಟಕ್ಕಷ್ಟೆ, ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು. ಉಸಿರು ಹಗುರಾಯಿತು ಎಂಬಲ್ಲಿಗೆ ಬಂದಾಗ ಸಾಕು ನಿಲ್ಲಿಸು ಎಂದು ಎದ್ದುಬಿಟ್ಟೆ. ಅವಳು, "ಇರುಮ್ಮಾ, ಇನ್ನೂ ನಿರಯ ಇರುಕ್ಕು" ಎಂದು ಉಳಿದದ್ದನ್ನೂ ಬಿಡದೆ ಓದಿದಳು. ಎಲ್ಲ ಬರೆದು ಕಳಿಸಿದೆ ಎಂಬ ಸಾಲನ್ನು ಎರಡು ಸಲ ಓದಿಸಿದೆ. ಒಲೆಯ ಮೇಲೆ ಅನ್ನ ಸೀದುಹೋಯಿತು.

ವಾಸನೆಗೆ ಭಾವ ಓಡಿ ಬಂದರು. "ಎಂತ ಆಯ್ತು? ಯಾಕೆ ಅಳೋದು?" ಎಂದರು. ತಮ್ಮ ತಿರುಗಿ ಬಂದ ಎಂದೆ. ಅವರು ಹೊರಗೆ ಹೋಗಿ ಜಗಲಿಯಲ್ಲೆಲ್ಲ ನೋಡಿ ಬಂದು, "ಎಲ್ಲುಂಟು ಮಾರಾಯ್ತಿ, ಯಾರೂ ಇಲ್ಲವಲ್ಲ" ಎಂದರು. ನಾನು ಕಣ್ಣೊರೆಸಿಕೊಂಡು ಮತ್ತೆ ಅಕ್ಕಿ ತೊಳೆಯಲು ಕೂತೆ.

ಅಮ್ಮಣ್ಣಿ